ಬೀರುವಿನೊಳಗಿನ ಮೊಬೈಲು

ಸಾಗರದ ಓದುಗರೊಬ್ಬರ ಪತ್ರ: ‘ದ್ವಿತೀಯ ಪಿಯುಸಿ ಓದುವ ಮಗ ರಾತ್ರಿ ಒಂದು ಗಂಟೆಯವರೆಗೆ ರೀಲ್ಸ್ ನೋಡುತ್ತಾನೆ. ಮೊಬೈಲು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಎರಡು ದಿನ ಊಟ ಬಿಟ್ಟ. ಅಷ್ಟು ದುರ್ಬಲ ಮನಸ್ಸು. ನಮ್ಮ ಕಾಲದಲ್ಲಿ ಅಪ್ಪ ಕಣ್ಣು ಬಿಟ್ಟರೆ ಸಾಕಿತ್ತು. ಇದೂ ಕುಡಿತದಂಥ ಚಟವೇ ಅಲ್ಲವೇ? ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಲೇ? ಶಿಸ್ತಿನ ಬಗ್ಗೆ ನಿಮ್ಮ ಪತ್ರಿಕೆ ಯಾಕೆ ಬರೆಯುವುದಿಲ್ಲ?’

ಮಾನ್ಯರೇ,

ಶಿಸ್ತು ಬೇಕು, ಒಪ್ಪಿದೆ. ಊಟಕ್ಕೊಂದು ಹೊತ್ತು, ನಿದ್ದೆಗೊಂದು ಹೊತ್ತು ಇಲ್ಲದ ಮನೆ ಛತ್ರವಾಗುತ್ತದೆ. ಅಷ್ಟು ಹೇಳಿ ಆ ಮಾತನ್ನು ಬದಿಗಿಡುತ್ತೇನೆ. ಯಾಕೆಂದರೆ ಮಗನ ಮೊಬೈಲಿನ ಬಗ್ಗೆ ಇಷ್ಟೆಲ್ಲ ಬರೆದ ನೀವು ನಿಮ್ಮ ಮೊಬೈಲಿನ ಬಗ್ಗೆ ಒಂದು ಸಾಲೂ ಬರೆದಿಲ್ಲ. ಪತ್ರ ನಮ್ಮ ವಾಟ್ಸ್‌ಆ್ಯಪ್‌ಗೆ ಬಂದದ್ದು ರಾತ್ರಿ 11.40ಕ್ಕೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!

ಮೊದಲು ‘ಚಟ’ ಎಂಬ ಪದ. 1995ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ಇವಾನ್ ಗೋಲ್ಡ್‌ಬರ್ಗ್ ‘ಇಂಟರ್‌ನೆಟ್ ವ್ಯಸನ’ ಎಂಬ ಕಾಯಿಲೆಯ ಲಕ್ಷಣಗಳನ್ನು ಪಟ್ಟಿ ಮಾಡಿದ್ದು ತಮಾಷೆಗೆ. ಓದಿದವರು ನಿಜವೆಂದೇ ನಂಬಿದರು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಕಾಯಿಲೆ ಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂತು. ಅದರಲ್ಲಿ ಗೇಮಿಂಗ್ ಇದೆ, ಜೂಜು ಇದೆ; ರೀಲ್ಸ್ ಇಲ್ಲ. ಗೇಮಿಂಗನ್ನು ಕಾಯಿಲೆ ಎನ್ನಲು ಸಹ ಆಟ ಕೈ ಮೀರಿರಬೇಕು, ಉಳಿದೆಲ್ಲ ಕೆಲಸ ಅದರ ಹಿಂದಕ್ಕೆ ಸರಿದಿರಬೇಕು, ಹಾನಿಯಾಗುತ್ತಿದ್ದರೂ ಬಿಡಲಾಗದಿರಬೇಕು, ಇದೆಲ್ಲ ಸಾಮಾನ್ಯವಾಗಿ 12 ತಿಂಗಳು ಕಂಡಿರಬೇಕು. ನಿಮ್ಮ ಮಗನಿಗಿರುವುದಕ್ಕೆ ನಮ್ಮಲ್ಲಿ ‘ಗೀಳು’ ಎಂಬ ಒಳ್ಳೆಯ ಪದವಿದೆ. ಹದಿನೇಳರ ಹುಡುಗನಿಗೆ ವ್ಯಸನಿ ಎಂಬ ಹಣೆಪಟ್ಟಿ ಅಂಟಿಸಬೇಡಿ, ಕೀಳುವುದು ಕಷ್ಟ.

ಇನ್ನು ಅವನ ‘ದುರ್ಬಲ ಮನಸ್ಸು’. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗ ನೆನಪಿಸಿಕೊಳ್ಳಿ. ಇಂತಿಷ್ಟು ಬಾರಿ ಕುಕ್ಕಿದರೆ ಕಾಳು ಎಂದು ಖಚಿತವಿದ್ದಾಗ ಹಕ್ಕಿ ನಡುನಡುವೆ ದಣಿವಾರಿಸಿಕೊಳ್ಳುತ್ತದೆ. ಯಾವ ಕುಕ್ಕಿಗೆ ಕಾಳು ಬೀಳುತ್ತದೋ ಗೊತ್ತಿಲ್ಲದಾಗ ಬಿಡದೆ ಕುಕ್ಕುತ್ತದೆ. ಇಸ್ಪೀಟು, ಮಟ್ಕಾ ನಡೆಯುವುದೂ ಇದರಿಂದಲೇ. ಹತ್ತು ರೀಲ್ಸ್ ಸಪ್ಪೆ, ಹನ್ನೊಂದನೆಯದು ಸೊಗಸು. ಆ ಹನ್ನೊಂದನೆಯದು ಯಾವಾಗ ಬರುತ್ತದೆಂದು ತಿಳಿಯದ್ದಕ್ಕೇ ಬೆರಳು ನಿಲ್ಲುವುದಿಲ್ಲ. ಪುಟ ಮುಗಿದರೆ ‘ಸಾಕು’ ಅನ್ನಿಸುತ್ತಿತ್ತಲ್ಲ, 2006ರಲ್ಲಿ ಅಮೆರಿಕದ ತಂತ್ರಾಂಶ ವಿನ್ಯಾಸಕ ಏಜಾ ರಾಸ್ಕಿನ್ ಮುಗಿಯದೆ ಉರುಳುವ ಪುಟವನ್ನು ರೂಪಿಸಿ ಆ ತಡೆಯನ್ನೂ ತೆಗೆದರು. ಆಮೇಲೆ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು. ಇಷ್ಟು ಲೆಕ್ಕ ಹಾಕಿ ಕಟ್ಟಿದ ಬಲೆಯೆದುರು ಒಂಟಿ ಹುಡುಗನ ಮನೋಬಲವನ್ನು ನಿಲ್ಲಿಸಿ, ಸೋತ ಅಂತ ಬೈಯುವುದು ಯಾವ ನ್ಯಾಯ?

ಬೀರುವಿನ ಬೀಗ ತೆಗೆಯಿರಿ. ಮೊಬೈಲು ಕೊಡುವ ಮುನ್ನ ಪಡಸಾಲೆಯಲ್ಲಿ ಒಂದು ಚಾರ್ಜರ್ ಜಾಗ ಮಾಡಿ. ರಾತ್ರಿ ಹತ್ತಕ್ಕೆ ಎಲ್ಲರ ಮೊಬೈಲೂ ಅಲ್ಲಿಗೆ ಹೋಗಬೇಕು, ಮೊದಲು ನಿಮ್ಮದು. ಮಲಗುವ ಕೋಣೆಯ ಚಾರ್ಜರನ್ನು ತೆಗೆದೇಬಿಡಿ. ಈ ಏರ್ಪಾಡು ಹೆಚ್ಚಾಗಿ ಮುರಿಯುವುದು ಅಲಾರಂ ನೆಪದಲ್ಲಿ, ಮೊಬೈಲು ಮತ್ತೆ ದಿಂಬಿನಡಿಗೆ ಬರುತ್ತದೆ. ಅದಕ್ಕೇ ಸೆಲ್ ಹಾಕುವ ಅಲಾರಂ ಗಡಿಯಾರವೊಂದನ್ನು ಮೊದಲ ದಿನವೇ ತನ್ನಿ.

ಆಮೇಲೆ ಮೂರು ದಿನ ಮಗನೇ ಒಂದು ಚೀಟಿ ಬರೆಯಲಿ. ಎಷ್ಟು ಗಂಟೆ ನೋಡಿದೆ ಎಂದಲ್ಲ, ಅದನ್ನು ಮೊಬೈಲೇ ಹೇಳುತ್ತದೆ. ಕೈಗೆತ್ತಿಕೊಳ್ಳುವ ಮುಂಚೆ ಏನು ಮಾಡುತ್ತಿದ್ದೆ ಎಂದು. ‘ಲೆಕ್ಕ ಬಿಡಿಸಲಾಗಲಿಲ್ಲ’ ಎಂದು ನಾಲ್ಕು ಸಲ ಬಂದರೆ ಸಿಗಬೇಕಾದದ್ದು ಗಣಿತದ ಮೇಷ್ಟ್ರು, ವ್ಯಸನಮುಕ್ತಿ ಕೇಂದ್ರವಲ್ಲ.

ಆ್ಯಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಬೆಡ್‌ಟೈಮ್ ಮೋಡ್ ಇದೆ. ಗೊತ್ತುಮಾಡಿದ ಹೊತ್ತಿಗೆ ಪರದೆ ಕಪ್ಪುಬಿಳುಪಾಗುತ್ತದೆ. ಬಣ್ಣ ಹೋದ ರೀಲ್ಸ್ ಉಪ್ಪಿಲ್ಲದ ಸಾರು. ಆ್ಯಪ್‌ಗಳಿಗೆ ಹೊತ್ತಿನ ಮಿತಿಯನ್ನೂ ಹಾಕಬಹುದು, ಆದರೆ ಹಾಕಿದವನೇ ತೆಗೆಯಬಲ್ಲ, ಅದೊಂದನ್ನೇ ನಂಬಬೇಡಿ. ಯೂಟ್ಯೂಬಿನಲ್ಲಿ ವಾಚ್ ಹಿಸ್ಟರಿ ಅಳಿಸಿ ನಿಲ್ಲಿಸಿದರೆ ಮುಖಪುಟ ಹೆಚ್ಚುಕಡಿಮೆ ಬರಿದಾಗುತ್ತದೆ, ಬೇಕಾದ್ದನ್ನು ಹುಡುಕಿಯೇ ನೋಡಬೇಕು. ಕರೆ, ಬ್ಯಾಂಕು, ಮನೆಯವರ ಸಂದೇಶ ಬಿಟ್ಟು ಉಳಿದ ನೋಟಿಫಿಕೇಶನ್ ಎಲ್ಲ ಬಂದ್. ಇನ್‌ಸ್ಟಾಗ್ರಾಂ ಆ್ಯಪ್ ಅಳಿಸಿದರೂ ಬ್ರೌಸರ್‌ನಲ್ಲಿ ಅದೇ ಖಾತೆ ತೆರೆದುಕೊಳ್ಳುತ್ತದೆ, ಅಲ್ಲಿಂದಲೂ ಲಾಗ್‌ಔಟ್ ಆಗಬೇಕು. ಮೊದಲ ಕೆಲವು ದಿನ ಸಿಡುಕು ಇದ್ದೇ ಇರುತ್ತದೆ. ಆಗ ಉಪದೇಶ ಮಾಡದಿದ್ದರೆ ಅರ್ಧ ಗೆದ್ದಂತೆ.

ಇಷ್ಟರ ಮೇಲೂ ಕಾಲೇಜು ತಪ್ಪಿದರೆ, ಯಾರ ಮೇಲಾದರೂ ಕೈ ಎತ್ತಿದರೆ ತಡಮಾಡದೆ ಮನೋವೈದ್ಯರಿಗೆ ತೋರಿಸಿ. ಸಾಯುವ ಮಾತಾಡಿದರಂತೂ ಅವನನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲು, ಇಂಟರ್‌ನೆಟ್ ಗೀಳಿಗೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು, ಇದು ನಿಮಗಲ್ಲ. ನೋಟ್ಸ್, ಹೋಂವರ್ಕ್, ಪರೀಕ್ಷೆಯ ಸುತ್ತೋಲೆ ಎಲ್ಲವನ್ನೂ ವಾಟ್ಸ್‌ಆ್ಯಪ್ ಗುಂಪಿಗೆ ಎಸೆದು, ಪೋಷಕರ ಸಭೆಯಲ್ಲಿ ‘ಮಕ್ಕಳ ಕೈಗೆ ಮೊಬೈಲು ಕೊಡಬೇಡಿ’ ಎನ್ನುವ ಕಾಲೇಜುಗಳಿಗೆ ಏನೆನ್ನೋಣ? ಪಿಡಿಎಫ್‌ಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಡಿ, ಸದ್ಯಕ್ಕೆ ದಾರಿ ಅದೇ.

ಮೊಬೈಲು ಇಟ್ಟ ಹುಡುಗ ಹೋಗುವುದಾದರೂ ಎಲ್ಲಿಗೆ? ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದಲ್ಲಿ 2022ರಲ್ಲಿ ಸಂಜೆ ಏಳಕ್ಕೆ ಸೈರನ್ ಕೂಗಿಸಿ ಊರಿಗೆ ಊರೇ ಟಿವಿ, ಮೊಬೈಲು ಆರಿಸತೊಡಗಿತು. 2024ರ ಡಿಸೆಂಬರಿನಲ್ಲಿ ಬೆಳಗಾವಿ ಬಳಿಯ ಹಲಗಾ ಅದೇ ದಾರಿ ಹಿಡಿಯಿತು, ಏಳರಿಂದ ಒಂಬತ್ತರವರೆಗೆ. ನನಗೆ ಹಿಡಿಸಿದ್ದು ಸೈರನ್ ದೊಡ್ಡವರಿಗೂ ಕೂಗುತ್ತದೆ ಎಂಬುದು. ಉಳಿದ ಊರುಗಳಲ್ಲಿ ಆಟದ ಮೈದಾನ ಸೈಟುಗಳಾಗಿವೆ. 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ನಾವೆಲ್ಲ ಕಟ್ಟುತ್ತೇವೆ. ವಸೂಲಿ ಮಾಡಿದ ಸ್ಥಳೀಯ ಸಂಸ್ಥೆಗಳು ಅದನ್ನು ಇಲಾಖೆಗೆ ದಾಟಿಸದೆ ಬಾಕಿ ಉಳಿಸಿಕೊಳ್ಳುವುದು ಹಳೆಯ ಕಥೆ. ನಿಮ್ಮೂರಿನ ಗ್ರಂಥಾಲಯ ಸಂಜೆ ಎಷ್ಟು ಗಂಟೆಗೆ ಬಾಗಿಲು ಹಾಕುತ್ತದೆ? ಮಗನನ್ನೂ ಕರೆದುಕೊಂಡು ಹೋಗಿ ನೋಡಿಬನ್ನಿ. ಉತ್ತರವನ್ನು ಅಂಚೆ ಕಾರ್ಡಿನಲ್ಲಿ ಬರೆದರೂ ನಡೆಯುತ್ತದೆ.

— ಸಂ.