ಮಾನವ ಕಳ್ಳಸಾಗಣೆ ತಡೆಯಲು ಚರ್ಚಿನವರು ಏನು ಮಾಡಬಹುದು?

ದೂರದ ಊರಿಗೆ ಕೆಲಸಕ್ಕೆ ಹೊರಟವರ ಕಾಗದಪತ್ರವನ್ನು ಅವರು ಹೊರಡುವ ಮೊದಲೇ ನೋಡಿಕೊಡಬಹುದು. ಚರ್ಚಿನಿಂದ ಆಗುವ ದೊಡ್ಡ ಸಹಾಯ ಇದೇ.

ಈ ದಂಧೆ ಎಷ್ಟೋ ಸಲ ಶುರುವಾಗುವುದು ನಂಬಿಕೆಯಿಂದ. ಪರಿಚಯದವರೇ ಬಂದು, ಗಲ್ಫ್‌ನಲ್ಲಿ ಮನೆಗೆಲಸ ಇದೆ, ಒಳ್ಳೆ ಸಂಬಳ ಅನ್ನುತ್ತಾರೆ. ಕೆಲಸ ಮಾಡಲು ಅನುಮತಿ ಇಲ್ಲದ ವಿಸಿಟ್ ವೀಸಾದಲ್ಲಿ ಕಳಿಸುತ್ತಾರೆ. ಅಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡರೆ ವಾಪಸ್ ಬರುವ ದಾರಿಯೇ ಮುಚ್ಚಿತು. ಮಂಗಳೂರು ಕಡೆಯ ಕಥೋಲಿಕ ಚರ್ಚುಗಳಲ್ಲಿ ಅಕ್ಕಪಕ್ಕದ ಮನೆಗಳ ಗುಂಪಿಗೆ ಒಬ್ಬ ಮುಖಂಡರು, ಅಂದರೆ ಗುರಿಕಾರರು ಇರುತ್ತಾರೆ. ಯಾರ ಮನೆಯ ಹುಡುಗಿ ಎಲ್ಲಿಗೆ ಹೊರಟಿದ್ದಾಳೆ ಅನ್ನುವುದು ಪೊಲೀಸರಿಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ, ಅಲ್ವಾ? ಏಜೆಂಟರು ನೋಂದಾಯಿತರೇ ಎಂದು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವರು ನೋಡಿಕೊಡಲಿ. ಪಾಸ್‌ಪೋರ್ಟ್, ವೀಸಾದ ನಕಲು ಮನೆಯಲ್ಲೂ ಒಂದು ಇರಲಿ.

ಅನುಮಾನ ಬಂದರೆ 112ಕ್ಕೆ, ಮಕ್ಕಳಾದರೆ 1098ಕ್ಕೆ ಕರೆ ಮಾಡಿ. ಬಿಡಿಸಲು ನೀವೇ ನುಗ್ಗಬೇಡಿ. ಕಳ್ಳಸಾಗಣೆದಾರರು ಎಚ್ಚೆತ್ತು ಜಾಗ ಬದಲಿಸಿಬಿಡುತ್ತಾರೆ.

ಮರಳಿ ಬಂದವಳನ್ನು ದಯವಿಟ್ಟು ಸುಮ್ನೆ ಪ್ರಶ್ನೆ ಕೇಳಿ ನೋಯಿಸಬೇಡಿ. ಗುಲಾಮಳಾಗಿ ಮಾರಾಟವಾಗಿದ್ದ ಸುಡಾನ್‌ನ ಸಂತ ಜೋಸೆಫಿನ್ ಬಖಿತಾ ಅವರ ಹಬ್ಬ ಫೆಬ್ರವರಿ 8. 2015ರಿಂದ ಕಥೋಲಿಕರು ಅಂದು ಈ ಪಿಡುಗಿನ ವಿರುದ್ಧ ಪ್ರಾರ್ಥಿಸುತ್ತಾರೆ. ಇದನ್ನೆಲ್ಲ ಊರಿಗೆ ತಿಳಿಸಲು ಆ ದಿನ ಚೆನ್ನಾಗಿ ಹೊಂದುತ್ತದೆ.