ವಿಜಯಪುರದಲ್ಲಿ ಗೋಳಗುಮ್ಮಟ ನೋಡಿದ ಮೇಲೆ, ಸಂಜೆ ಉಳಿಯುವ ಅರ್ಧ ಗಂಟೆಯಲ್ಲಿ ಇಬ್ರಾಹಿಂ ರೋಜಾ ನೋಡಿ ಮುಗಿಸಬಹುದೇ?

ಮುಗಿಸಬಹುದು. ನಾನೂ ಹಾಗೆಯೇ ಮುಗಿಸಿದ್ದೆ, ಮತ್ತು ನೋಡಬೇಕಾದ ಕಟ್ಟಡವನ್ನು ನೋಡದೆಯೇ ಊರಿಗೆ ಮರಳಿದ್ದೆ.

ಹನ್ನೊಂದು ವರ್ಷಗಳ ಹಿಂದೆ ನನ್ನ ಸೋದರಮಾವನನ್ನು ಕರೆದುಕೊಂಡು ವಿಜಯಪುರಕ್ಕೆ ಹೋಗಿದ್ದೆ. ಅವರು ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ಇಬ್ರಾಹಿಂ ರೋಜಾದೊಳಗೆ ನಡುವೆ ಒಂದೂ ಕಂಬವಿಲ್ಲದೆ ನಿಂತಿರುವ ಚಪ್ಪಟೆ ಕಲ್ಲಿನ ಚಾವಣಿಯಿದೆ ಎಂದು ಅವರಿಗೆ ಯಾರೋ ಹೇಳಿದ್ದರು. ಆ ಪ್ರಯಾಣದಲ್ಲಿ ಅವರು ಬಯಸಿದ್ದು ಅದೊಂದನ್ನೇ. ಆದರೆ ಯೋಜನೆ ಹಾಕಿದವನು ನಾನು. ಹೆಸರಾಂತದ್ದು ಮೊದಲು, ಉಳಿದದ್ದು ಆಮೇಲೆ ಎಂಬ ಲೆಕ್ಕದಲ್ಲಿ ದಿನದ ಹೆಚ್ಚಿನ ಭಾಗವನ್ನು ಗೋಳಗುಮ್ಮಟಕ್ಕೇ ಕೊಟ್ಟೆ. ಏಳು ಅಂತಸ್ತಿನ ಮೆಟ್ಟಿಲು ಹತ್ತಿ ಪಿಸುಮಾತಿನ ಗ್ಯಾಲರಿಗೆ ಬಂದರೆ, ಅಲ್ಲಿ ಮೂರು ಶಾಲೆಯ ಮಕ್ಕಳು ಒಟ್ಟಿಗೆ ಕೂಗುತ್ತಿದ್ದರು. ಹೊರಗಿನ ಅಡ್ಡಳತೆ 144 ಅಡಿಯಷ್ಟಿರುವ ಆ ಗುಮ್ಮಟ ಅವರ ಒಂದೊಂದು ಕೂಗನ್ನೂ ಹಲವು ಪಟ್ಟು ಮಾಡಿ ಹಿಂದಿರುಗಿಸುತ್ತಿತ್ತು. ಇಳಿಯುವಷ್ಟರಲ್ಲಿ ಮಾವನ ಮೊಣಕಾಲು ಸೋತಿತ್ತು. ಊಟ, ವಿಶ್ರಾಂತಿ, ಟಾಂಗಾ ಎಂದು ಹೊತ್ತು ಸರಿದು, ಊರಿನ ಪಶ್ಚಿಮದ ತುದಿಯಲ್ಲಿರುವ ರೋಜಾ ತಲುಪಿದಾಗ ಬಾಗಿಲು ಮುಚ್ಚಲು ಅರ್ಧ ಗಂಟೆಯಷ್ಟೇ ಉಳಿದಿತ್ತು.

ತಪ್ಪು ನಡೆದದ್ದು ಇಲ್ಲಿ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ರೋಜಾದಲ್ಲಿ ಒಂದೇ ಎತ್ತರದ ಜಗಲಿಯ ಮೇಲೆ ಎರಡು ಕಟ್ಟಡಗಳು ಎದುರುಬದುರಾಗಿ ನಿಂತಿವೆ, ನಡುವೆ ಕಾರಂಜಿಯ ಕೊಳವಿದೆ. ಒಂದು ಮಸೀದಿ, ಇನ್ನೊಂದು ಗೋರಿ. ಎರಡಕ್ಕೂ ಗುಮ್ಮಟವಿದೆ, ಎರಡಕ್ಕೂ ತೆಳ್ಳನೆಯ ಮಿನಾರುಗಳಿವೆ. ಜನರ ಗುಂಪೊಂದು ಬಲಕ್ಕೆ ಹೋಗುತ್ತಿತ್ತು, ನಾವೂ ಅದರ ಹಿಂದೆ ಹೋದೆವು. ಒಳಗೆ ಗೋರಿ ಕಾಣಲಿಲ್ಲ. ಆದರೆ ಗೋಳಗುಮ್ಮಟದಲ್ಲಿ, ಮೇಲೆ ಕಾಣುವುದು ಗುರುತಿಗಾಗಿ ಇಟ್ಟದ್ದು, ನಿಜವಾದ ಸಮಾಧಿಗಳು ನೆಲಮಾಳಿಗೆಯಲ್ಲಿವೆ ಎಂದು ಕೇಳಿ ಬಂದಿದ್ದೆನಲ್ಲ. ಇಲ್ಲಿಯೂ ಎಲ್ಲವೂ ಕೆಳಗೇ ಇರಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗೋಡೆಯಲ್ಲಿ ಮಿಹ್ರಾಬಿನ ಗೂಡು, ಎಂದರೆ ನಮಾಜಿನ ದಿಕ್ಕು ತೋರಿಸುವ ಗೂಡು, ಕಣ್ಣಿಗೆ ಹೊಡೆಯುವಂತೆ ಇತ್ತು, ಅದೂ ನನಗೆ ಹೊಳೆಯಲಿಲ್ಲ. ಮಾವ ತಲೆಯೆತ್ತಿ ನೋಡಿ, "ಇದು ಬಾಗಿದೆಯಲ್ಲಪ್ಪ, ಚಪ್ಪಟೆ ಅಂದಿದ್ದರಲ್ಲ?" ಎಂದರು. ಹೇಳಿದವರು ತಪ್ಪಾಗಿ ಹೇಳಿರಬೇಕು ಎಂದೆ. ನಲವತ್ತು ವರ್ಷ ಚಾವಣಿ ಕಟ್ಟಿದವರಿಗೆ ನಾನು ಹಾಗೆಂದೆ! ಆಮೇಲೆ ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತು, ಸಂಜೆಯ ಬಿಸಿಲು ಬಿದ್ದು ಹೊಳೆಯುತ್ತಿದ್ದ ಎದುರಿನ ಕಟ್ಟಡದ ಫೋಟೋ ತೆಗೆದು, ಅದನ್ನು "ರೋಜಾದ ಮಸೀದಿ" ಎಂಬ ಹೆಸರಿನಲ್ಲಿ ಮನೆಯವರಿಗೆಲ್ಲ ಕಳಿಸಿದೆ. ನಾವು ಕುಳಿತಿದ್ದದ್ದೇ ಮಸೀದಿ, ಫೋಟೋದಲ್ಲಿದ್ದದ್ದೇ ಗೋರಿ.

ಬೇಕಾದ ಸುಳಿವು ನನ್ನ ಕೈಯಲ್ಲೇ ಇತ್ತು. ನಮ್ಮ ದೇಶದಲ್ಲಿ ನಮಾಜು ಪಶ್ಚಿಮಕ್ಕೆ ಮುಖ ಮಾಡಿ ನಡೆಯುವುದರಿಂದ ಮಸೀದಿಯ ಮುಚ್ಚಿದ ಗೋಡೆ ಪಶ್ಚಿಮಕ್ಕಿದ್ದು, ತೆರೆದ ಮುಖ ಪೂರ್ವಕ್ಕಿರುತ್ತದೆ. ರೋಜಾದಲ್ಲಿ ಐದು ಕಮಾನಿನ ಮುಖದ ಮಸೀದಿ ಪಶ್ಚಿಮದಲ್ಲಿ, ನಾಲ್ಕೂ ಕಡೆ ಏಳೇಳು ಕಮಾನಿನ ಪಡಸಾಲೆ ಇರುವ ಗೋರಿ ಪೂರ್ವದಲ್ಲಿ. ಗೋಳಗುಮ್ಮಟದ ಪಕ್ಕದ ಚಿಕ್ಕ ಮಸೀದಿಯೂ ಪಶ್ಚಿಮಕ್ಕೇ ಇದೆ, ಅದನ್ನು ಅದೇ ದಿನ ನೋಡಿಯೂ ಇದ್ದೆ. ಸೂರ್ಯ ಯಾವ ಕಡೆ ಮುಳುಗುತ್ತಿದ್ದಾನೆಂದು ಒಮ್ಮೆ ತಿರುಗಿ ನೋಡಿದ್ದರೆ ಸಾಕಿತ್ತು.

ಎರಡು ವರ್ಷಗಳ ನಂತರ ಒಬ್ಬನೇ ಹೋದಾಗ ಬೆಳಗ್ಗೆಯೇ ನೇರವಾಗಿ ಗೋರಿಯ ಕಟ್ಟಡಕ್ಕೆ ಹೋದೆ. ಇಷ್ಟು ತಿಳಿದುಕೊಂಡೇ ಒಳಹೋಗಿ: ಇದನ್ನು ಮೊದಲು ಉದ್ದೇಶಿಸಿದ್ದು ರಾಣಿ ತಾಜ್ ಸುಲ್ತಾನಾಳಿಗಾಗಿ, 1627ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ್ ತೀರಿಕೊಂಡಾಗ ಅವನನ್ನೂ ಇಲ್ಲಿಯೇ ಇರಿಸಿದರು. ಸಾಲಾಗಿ ಆರು ಗೋರಿಗಳಿವೆ, ಅವನ ತಾಯಿ ಮತ್ತು ಮಕ್ಕಳವೂ ಸೇರಿ. ಕಟ್ಟಿಸಿದವನು ಮಲಿಕ್ ಸಂದಲ್. ಒಂದೂವರೆ ಲಕ್ಷ ಹೊನ್ನು, ಅದರ ಮೇಲೆ 900 ಖರ್ಚಾಯಿತೆಂದು ಅಲ್ಲಿನ ಶಾಸನವೇ ಲೆಕ್ಕ ಒಪ್ಪಿಸುತ್ತದೆ. ಆ ಕೊನೆಯ 900ನ್ನೂ ಬಿಡದೆ ಕಲ್ಲಿನಲ್ಲಿ ಬರೆಸಿದ ಗುಮಾಸ್ತ ಬುದ್ಧಿ ನನಗೆ ಬಹಳ ಇಷ್ಟ. ಸರಸ್ವತಿಯನ್ನೂ ಗಣಪತಿಯನ್ನೂ ಹಾಡಿ ಹೊಗಳಿದ, ಜನರು ಜಗದ್ಗುರು ಬಾದಶಹನೆಂದು ಕರೆದ ಅರಸ ಈ ಇಬ್ರಾಹಿಂ.

ಹೊರಗೋಡೆಯಲ್ಲಿ ಬಾಗಿಲು ಕಿಟಕಿಗಳ ಮೇಲಿನ ಕಲ್ಲಿನ ಜಾಲಂಧ್ರಗಳನ್ನು ಹತ್ತಿರದಿಂದ ನೋಡಿ. ಅವು ಹೂಬಳ್ಳಿಯ ಕೆತ್ತನೆಯಲ್ಲ, ಅರಬ್ಬಿ ಅಕ್ಷರಗಳು. ಅಕ್ಷರ ಅಕ್ಷರಗಳ ನಡುವಿನ ಸಂದನ್ನೇ ಕೊರೆದು ತೆಗೆದಿರುವುದರಿಂದ ಒಳಗೆ ಬೆಳಕು ಬರುವುದು ಆ ಬರಹದ ಮೂಲಕ. ಆ ಸಂದುಗಳಿಂದ ಬರುವಷ್ಟು ಬೆಳಕಿಗೆ ಕಣ್ಣು ಒಗ್ಗಲು ಐದಾರು ನಿಮಿಷ ಬೇಕು. ಒಗ್ಗಿದ ಮೇಲೆ ಮೇಲೆ ನೋಡಿದರೆ ಮಾವನ ಚಾವಣಿ: ಸುಮಾರು 40 ಅಡಿ ಚೌಕದ ಕೋಣೆ, ನಾಲ್ಕೂ ಗೋಡೆಗಳಿಂದ ಬಾಗಿ ಮುಂದಕ್ಕೆ ಬಂದ ಅಂಚು, ನಡುವೆ ಹಲಗೆಯಂತೆ ಚಪ್ಪಟೆಯಾಗಿರುವ ಕಲ್ಲು. ಕಲ್ಲಿಗೆ ಕಲ್ಲನ್ನು ಹಿಡಿದಿರುವುದು ಗಾರೆ. ಹೊರಗಿನಿಂದ ಕಾಣುವ ಗುಮ್ಮಟ ಇದರ ಮೇಲಿನ ಇನ್ನೊಂದು ಖಾಲಿ ಕೋಣೆಯ ಮೇಲಿದೆ.

ಆಗ ತಿಳಿಯಿತು, ಮೊದಲ ಸಲ ಸರಿಯಾದ ಕಟ್ಟಡಕ್ಕೇ ಹೋಗಿದ್ದರೂ ಆ ಮುಳುಗು ಹೊತ್ತಿನಲ್ಲಿ ಈ ಚಾವಣಿ ಬರೀ ಕತ್ತಲಾಗಿ ಕಾಣುತ್ತಿತ್ತು. ಆದ್ದರಿಂದ ಅರ್ಧ ಗಂಟೆ ಸಾಕೇ ಎಂಬುದಕ್ಕಿಂತ ಅದು ಯಾವ ಹೊತ್ತಿನ ಅರ್ಧ ಗಂಟೆ ಎಂಬುದನ್ನು ನೀವು ಕೇಳಬೇಕಿತ್ತು. ಗೋಳಗುಮ್ಮಟಕ್ಕೆ ಮಿಕ್ಕದ್ದನ್ನು ರೋಜಾಕ್ಕೆ ಕೊಡುವ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಗದ್ದಲವಿಲ್ಲದ ಗ್ಯಾಲರಿಗಾಗಿ ಮುಂಜಾನೆ ಗೋಳಗುಮ್ಮಟಕ್ಕೆ ಹೋಗಿ ಎಂದು ಎಲ್ಲರೂ ಹೇಳುತ್ತಾರೆ, ಅದು ಸುಳ್ಳಲ್ಲ. ಆದರೂ ಇರುವುದು ಒಂದೇ ದಿನವಾದರೆ ಬೆಳಗ್ಗಿನ ಎರಡು ಗಂಟೆಯನ್ನು ರೋಜಾಕ್ಕೆ ಕೊಡಿ, ಗದ್ದಲದ ಗ್ಯಾಲರಿಯನ್ನು ಸಹಿಸಿಕೊಳ್ಳಿ. ಆ ಗುಮ್ಮಟದ ಗಾತ್ರವನ್ನು ಯಾವ ಗದ್ದಲವೂ ಮುಚ್ಚಲಾರದು. ಊರಿನ ಬಾರಾ ಕಮಾನ್ ಎಂಬುದು ಬಯಲಿನಲ್ಲಿ ನಿಂತ, ಪೂರ್ತಿಯಾಗದ ಗೋರಿ ಕಟ್ಟಡ, ಸಂಜೆಯ ಅರ್ಧ ಗಂಟೆಗೆ ಅದು ಸರಿಹೊಂದುತ್ತದೆ. ವಯಸ್ಸಾದವರು ಜೊತೆಗಿದ್ದರೆ ಮೆಟ್ಟಿಲು ಹತ್ತಿಸುವ ಮೊದಲು ಅವರಿಗೆ ಬೇಕಾದದ್ದನ್ನು ತೋರಿಸಿ.

ಮಾವ ಈಗ ಅಷ್ಟು ದೂರ ಪ್ರಯಾಣ ಮಾಡುವುದಿಲ್ಲ. ಎರಡನೆಯ ಸಲ ಮೊಬೈಲಿನಲ್ಲಿ ತೆಗೆದು ತಂದ ಚಾವಣಿಯ ಫೋಟೋವನ್ನು ಅವರು ಹಿಗ್ಗಿಸಿ, ಆ ಕಡೆ ಈ ಕಡೆ ಸರಿಸಿ, ಬಹಳ ಹೊತ್ತು ನೋಡಿದರು. ಆಮೇಲೆ, "ಕಲ್ಲಿನ ಸಂದೇ ಕಾಣುವುದಿಲ್ಲ, ಬ್ಯಾಟರಿ ಹಿಡಿದು ತೆಗೆಯಬೇಕಿತ್ತು" ಎಂದರು. ನೀವು ಹೋಗುವಾಗ ಒಂದು ಒಳ್ಳೆಯ ಬ್ಯಾಟರಿ ಇಟ್ಟುಕೊಳ್ಳಿ.