ನಿಮ್ಮ ‘ಸ್ಯಾಲರಿ’ ಲೇಖನ ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ. ‘ಸ್ಯಾಲರಿ: ಅರ್ಥ ಮತ್ತು ಸಮಾನಾರ್ಥಕ ಪದಗಳು’ ಅನ್ನುವ ನಿಮ್ಮ ಹತ್ತು ಪುಟದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಸುಮ್ನೆ ‘ಸ್ಥಳಾಭಾವ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು, ಆದರೆ ಮೂರನೇ ಪುಟದ ಆರು ಸಾಲು ನನ್ನನ್ನು ಬಿಡಲಿಲ್ಲ. ಅದಕ್ಕೇ ಇಷ್ಟುದ್ದದ ಕಾಗದ.

ಮೊದಲು ನಿಮ್ಮ ಉಪ್ಪಿನ ಕಥೆ. ರೋಮನ್ ಸೈನಿಕರಿಗೆ ಸಂಬಳದ ಬದಲು ಉಪ್ಪು ಕೊಡುತ್ತಿದ್ದರು, ಅದರಿಂದ ಸ್ಯಾಲರಿ ಬಂತು ಅಂತ ಬರೆದಿದ್ದೀರಿ. ಇದು ವಾಟ್ಸಾಪಿನಲ್ಲಿ ಓಡಾಡುವ ಕಥೆ. ಲ್ಯಾಟಿನ್ನಿನ ಸಲಾರಿಯಮ್ ಪದದೊಳಗೆ ಉಪ್ಪು ಅನ್ನುವ ‘ಸಾಲ್’ ಇರುವುದು ನಿಜ. ಆದರೆ ಸಿಪಾಯಿಗಳಿಗೆ ಉಪ್ಪು ತೂಗಿ ಕೊಟ್ಟರು ಅಂತ ಆ ಕಾಲದವರು ಯಾರೂ ಬರೆದಿಟ್ಟಿಲ್ಲ. ರೋಮಿನ ಚಕ್ರವರ್ತಿ ಅಗಸ್ಟಸ್ ಕಾಲದಲ್ಲಿ ಸಾಮಾನ್ಯ ಸಿಪಾಯಿಗೆ ವರ್ಷಕ್ಕೆ 225 ದಿನಾರಿಯಸ್ ಅನ್ನುವ ಬೆಳ್ಳಿ ನಾಣ್ಯ, ಮೂರು ಕಂತಿನಲ್ಲಿ ಸಿಗುತ್ತಿತ್ತು, ಮತ್ತು ಅದಕ್ಕೆ ಸ್ಟಿಪೆಂಡಿಯಮ್ ಅಂತ ಹೆಸರಿತ್ತು. ನಮ್ಮ ಹೌಸ್ ಸರ್ಜನ್‌ಗಳು ‘ಸ್ಟೈಪೆಂಡ್ ಇನ್ನೂ ಬಂದಿಲ್ಲ’ ಅಂತ ಗೊಣಗುತ್ತಾರಲ್ಲ, ಅದೇ ಪದ. ಉಪ್ಪೇ ಬೇಕಿದ್ದರೆ ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಅನ್ನುವ ಗಾದೆ ಮನೆಯಲ್ಲೇ ಇತ್ತು. ರೋಮಿಗೆ ಯಾಕೆ ಹೋದಿರಿ?

ಎರಡನೇ ಪುಟ ಪೂರ್ತಿ ಪಟ್ಟಿ. ಸ್ಯಾಲರಿ, ವೇಜ್, ಪೇ, ಇನ್‌ಕಮ್, ಫೀ, ರೆಮ್ಯುನರೇಶನ್, ಹಾನರೇರಿಯಮ್, ಎಲ್ಲದರ ಮುಂದೆಯೂ ‘ಸಂಬಳ’. ಡಿಕ್ಷನರಿ ಬಿಚ್ಚಿಟ್ಟುಕೊಂಡು ಇಳಿಸಿದ್ದು ಗೊತ್ತಾಗುತ್ತದೆ. ಡಾಕ್ಟರಿಗೆ 500 ರೂಪಾಯಿ ಸಂಬಳ ಕೊಟ್ಟು ಬಂದೆ ಅಂತ ಯಾರಾದರೂ ಹೇಳ್ತಾರಾ? ಅದು ಫೀಸು. ಮನೆ ಬಾಡಿಗೆ, ಬ್ಯಾಂಕಿನ ಬಡ್ಡಿ ಇನ್‌ಕಮ್ಮಿಗೆ ಸೇರುತ್ತವೆ, ಸ್ಯಾಲರಿಗಲ್ಲ. ‘ಪೇಸ್ ಆರ್ ಲೋ’ ಅಂತ ಒಂದು ಉದಾಹರಣೆ ಕೊಟ್ಟಿದ್ದೀರಿ. ಸ್ಯಾಲರೀಸ್ ಅನ್ನಬಹುದು, ವೇಜಸ್ ಅಂತೂ ಬಹುವಚನದಲ್ಲೇ ಜಾಸ್ತಿ ಕೇಳಿಬರುತ್ತದೆ, ಆದರೆ ಸಂಬಳದ ಅರ್ಥದಲ್ಲಿ ಪೇಗೆ ಬಹುವಚನ ಇಲ್ಲ. ಇನ್ನು ಅದು ರೆಮ್ಯುನರೇಶನ್, ರೆನ್ಯುಮರೇಶನ್ ಅಲ್ಲ. ನಾಲ್ಕು ಕಡೆ ತಪ್ಪಿದೆ. ನಾನೂ ಒಂದು ಕಾಲದಲ್ಲಿ ಹಾಗೇ ಬರೆಯುತ್ತಿದ್ದೆ, ಇರಲಿ.

ಈಗ ಮೂರನೇ ಪುಟ. ನಿಮ್ಮ ತಂದೆ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು, ಶನಿವಾರ ಸಂಜೆ ಬಟವಾಡೆ, ತೋಟದ ಆಫೀಸಿನ ಜಗಲಿಯಲ್ಲಿ ಮೇಜು ಹಾಕಿ ಚೆಕ್‌ರೋಲ್ ಅನ್ನುವ ಹಾಜರಿ ಪುಸ್ತಕ ನೋಡಿಕೊಂಡು ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು, ಹೆಬ್ಬೆಟ್ಟು ಒತ್ತಿದವರು ಶಾಯಿಯನ್ನು ಅಲ್ಲೇ ಕಂಬಕ್ಕೆ ಒರೆಸಿ ಒರೆಸಿ ಕಂಬದ ಒಂದು ಮಗ್ಗುಲು ನೀಲಿಯಾಗಿಬಿಟ್ಟಿತ್ತು ಅಂತ ಬರೆದಿದ್ದೀರಿ. ಆ ನೀಲಿ ಕಂಬ ಕಂಡ ಮೇಲೆ ನನಗೆ ಉಳಿದ ಪುಟ ಯಾವುದೂ ಬೇಡವಾಯಿತು. ಆದರೆ ಅಲ್ಲೂ ‘ಕಾರ್ಮಿಕರಿಗೆ ಸ್ಯಾಲರಿ ವಿತರಿಸಲಾಗುತ್ತಿತ್ತು’ ಅಂದುಬಿಟ್ಟಿದ್ದೀರಿ. ಮಾರಾಯ್ರೇ, ನಿಮ್ಮ ಇಡೀ ಲೇಖನ ಅಲ್ಲೇ ಇದೆ! ಮೇಜಿನ ಆಚೆ ನಿಂತವರದ್ದು ದಿನದ ಲೆಕ್ಕ. ಬಂದ ದಿನಕ್ಕೆ ದುಡ್ಡು, ಮಧ್ಯಾಹ್ನ ಮಳೆ ಹಿಡಿದರೆ ಅರ್ಧ ಹಾಜರಿ, ಮುಂಗಡ ಮುರಿದುಕೊಂಡು ಉಳಿದದ್ದು ಕೈಗೆ. ಅದು ವೇಜಸ್, ನಮ್ಮ ಬಾಯಲ್ಲಿ ಕೂಲಿ. ಮೇಜಿನ ಈಚೆ ಕೂತ ನಿಮ್ಮ ತಂದೆಗೆ ಮಳೆ ಬರಲಿ ಬಿಡಲಿ, ತಿಂಗಳಿಗೆ ಇಷ್ಟು. ಅದು ಸ್ಯಾಲರಿ. ಬರೀ ಕನ್ನಡ ಕಾಗದಪತ್ರ ನೋಡಿದರೆ ಈ ಗೆರೆ ಕಾಣುವುದಿಲ್ಲ, ಯಾಕಂದರೆ ಪೇ ಕಮಿಷನ್ನೂ ‘ವೇತನ ಆಯೋಗ’, 1948ರ ಹಳೆಯ ಮಿನಿಮಮ್ ವೇಜಸ್ ಕಾಯ್ದೆಯೂ ‘ಕನಿಷ್ಠ ವೇತನ’ವೇ ಆಗಿತ್ತು.

ಯಾವ ಹೆಸರಾದರೇನು, ದುಡ್ಡು ದುಡ್ಡೇ ಅಲ್ವಾ ಅಂತೀರಾ? ಅಂಗನವಾಡಿ ಟೀಚರನ್ನು ಕೇಳಿ ನೋಡಿ. ಅವರಿಗೆ ಬರುವುದು ಸರ್ಕಾರಿ ಲೆಕ್ಕದಲ್ಲಿ ಗೌರವಧನ, ಅಂದರೆ ಹಾನರೇರಿಯಮ್. ದಿನವಿಡೀ ದುಡಿದರೂ ಕಾಗದದಲ್ಲಿ ಅದು ‘ಗೌರವ ಸೇವೆ’. ಅವರು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದು ಧರಣಿ ಕೂರುವಾಗ ಕೇಳುವುದು ದುಡ್ಡು ಜಾಸ್ತಿ ಮಾಡಿ ಅಂತ ಮಾತ್ರ ಅಲ್ಲ, ನಮ್ಮನ್ನು ಕೆಲಸಗಾರರು ಅಂತ ಒಪ್ಪಿ, ಕನಿಷ್ಠ ವೇತನ ಕೊಡಿ ಅಂತಲೂ. 2022ರಲ್ಲಿ ಗುಜರಾತಿನ ಅಂಗನವಾಡಿಯವರ ಕೇಸಿನಲ್ಲಿ ಸುಪ್ರೀಂ ಕೋರ್ಟು, ಗ್ರ್ಯಾಚುಟಿ (ಕೆಲಸ ಬಿಡುವಾಗ ಸಿಗುವ ಇಡುಗಂಟು) ಕಾಯ್ದೆಯ ಮಟ್ಟಿಗೆ ಆ ಗೌರವಧನವೂ ವೇಜಸ್ಸೇ ಅಂತ ಹೇಳಿತು. ಅವರಿಗೆ ಗ್ರ್ಯಾಚುಟಿ ಸಿಗಬೇಕು ಅಂತಾಯಿತು. ನಿಮ್ಮ ಪಟ್ಟಿಯಲ್ಲಿ ಹಾನರೇರಿಯಮ್ ಏಳನೆಯದು, ಅದರ ಮುಂದೆ ಇರುವುದು ಮೂರೇ ಅಕ್ಷರ.

ಇನ್ನೊಂದು, ಪಗಾರ ಅನ್ನುವುದನ್ನು ಬಿಟ್ಟೇಬಿಟ್ಟಿದ್ದೀರಿ. ಹುಬ್ಬಳ್ಳಿ ಕಡೆ ‘ಪಗಾರ ಆತೇನ್ರಿ?’ ಅಂತಲೇ ಕೇಳುವುದು. ಅದು ಪೋರ್ಚುಗೀಸರ ‘ಪಗಾರ್’, ದುಡ್ಡು ಕೊಡುವುದು ಅಂತ ಅರ್ಥ. ಇಂಗ್ಲಿಷಿನ ಪೇ ಬಂದದ್ದು ಫ್ರೆಂಚಿನ ದಾರಿಯಲ್ಲಿ. ಎರಡರ ಮೂಲವೂ ಲ್ಯಾಟಿನ್ನಿನ ‘ಪಾಕಾರೆ’, ಅಂದರೆ ಸಮಾಧಾನ ಮಾಡುವುದು. ಬಾಕಿ ಕೇಳಲು ಬಂದವನ ಕೈಗೆ ಅಷ್ಟು ಹಾಕಿ ಬಾಯಿ ಮುಚ್ಚಿಸುವುದು ಅಂತಿಟ್ಟುಕೊಳ್ಳಿ. ಉಪ್ಪಿನ ಜಾಗಕ್ಕೆ ಇದನ್ನು ಹಾಕಬಹುದು.

ತಿರುಗಿ ಬರೆಯಿರಿ. ಮೇಜಿನಿಂದಲೇ ಶುರು ಮಾಡಿ, 800 ಪದ ಸಾಕು. ‘ಆಧುನಿಕ ಯುಗದಲ್ಲಿ ಆರ್ಥಿಕ ಸಬಲತೆ’ ಅನ್ನುವ ಕೊನೆಯ ಪುಟವನ್ನು ಇನ್ನೊಂದು ಸಲ ಓದಲೂ ಹೋಗಬೇಡಿ, ಹರಿದುಹಾಕಿ. ಕೂರುವ ಮುಂಚೆ ನಿಮ್ಮ ತಂದೆಯವರ ಹತ್ತಿರ ಒಂದು ವಿಷಯ ಕೇಳಿ: ಅವರ ಹೆಸರೂ ಆ ಚೆಕ್‌ರೋಲಿನಲ್ಲೇ ಇತ್ತಾ, ಇಲ್ಲಾ ಅವರದಕ್ಕೆ ಬೇರೆ ಪುಸ್ತಕ ಇತ್ತಾ? ಬೇರೆ ಇದ್ದರೆ, ಅದರ ರಟ್ಟಿನ ಮೇಲೆ ಏನಂತ ಬರೆದಿತ್ತು?